ನಮ್ಮ ಝಟ್‌ಬಿಲ್ ಹೇಗಿದೆ ಭಾಯಿ

ಪರದೆ ಮೇಲೆ ಮತ್ತೆ ಕೆಂಪಾಯಿತಲ್ಲ, ಈಗ ತಾನೆ ಹಸಿರಿತ್ತು, ಕಣ್ಣು ಉಜ್ಜಿಕೊಂಡರೂ ಕೆಂಪೇ, ಝಟ್‌ಬಿಲ್ ಷೇರು ಇಳೀತಾ ಇದೆ — ಇಡೀ ರಾಜಕೋಟ್ ಊಟ ಮುಗಿಸಿ ಶಟರ್ ಎಳೆದು ಮಲಗಿದೆ, ನಮ್ಮ ಬ್ರೋಕರ್ ಸೇಠ್ ಕೂಡ ಮನೆಗೆ ಹೋಗಿ ಗೊರಕೆ ಹೊಡೀತಿರಬೇಕು, ಈ ಮುಂಬೈ ಮಾರುಕಟ್ಟೆಗೆ ಮಾತ್ರ ಮಧ್ಯಾಹ್ನದ ನಿದ್ದೆ ಇಲ್ಲ, ನನಗೂ ಇಲ್ಲ, ಮನೆಗೆ ಹೋಗಿ ಏನು ಮಾಡಲಿ, ಹೆಂಡತಿ ಸರಳಾ ತೀರಿಹೋದ ಮೇಲೆ ಅವಳ ಕಡೆ ಹಾಸಿಗೆ ಮೇಲೆ ಇಸ್ತ್ರಿ ಬಟ್ಟೆ ಇಡ್ತೀನಿ. ಪಕ್ಕದ ಆಫೀಸಿನ ದಿಲ್‌ಸುಖ್ ಬಾಗಿಲಲ್ಲಿ ತಲೆ ಹಾಕಿ ಹೋದ, ಜಶುಭಾಯ್, ಕೇಳಿದ್ರಾ, ಕರೆಂಟ್ ಬಿಲ್ಲು, ನೀರಿನ ಬಿಲ್ಲು ಕಟ್ಟಿಸೋ ಧಂಧೆಗೆ ಯಾರೋ ದೊಡ್ಡ ಕುಳ ಇಳೀತಿದಾನಂತೆ, ಪೂರಾ ಬಿಟ್ಟಿ, ಕಮಿಷನ್ನೇ ಇಲ್ಲ, ನಿಮ್ಮ ಝಟ್‌ಬಿಲ್ ಕಥೆ ಮುಗೀತು ಬಿಡಿ. ಯಾರಯ್ಯಾ ಹೇಳಿದ್ದು? ಎಲ್ಲರೂ ಹೇಳ್ತಿದಾರೆ. ಎಲ್ಲರೂ ಅಂದರೆ ಯಾರೂ ಅಲ್ಲ, ಆದರೆ ಬೆಲೆ ಇಳಿಯೋಕೆ ಅಷ್ಟು ಸಾಕು, ಅಗೋ ಇನ್ನೂ ಇಳೀತು, ಥೂ.

ಗಿರಾಕಿ ಮುಕ್ತಾಬೆಹೆನ್‌ಗೆ ಫೋನ್ ಮಾಡಬೇಕು, ಇದ್ದ ದುಡ್ಡೆಲ್ಲ ಝಟ್‌ಬಿಲ್‌ನಲ್ಲೇ ಇಟ್ಟಿದಾರೆ. ಅವರ ಬಾಯಿಂದ ಮಾತು ಬರದೆ ಅವರ ಷೇರು ಮಾರೋ ಹಾಗಿಲ್ಲ, ಅದು ಕಾನೂನು. ಆದರೆ ಈ ಹೊತ್ತಲ್ಲಿ ಯಾರಿಗಾದರೂ ಫೋನ್ ಮಾಡ್ತಾರಾ, ಮಲಗಿರ್ತಾರೆ ಪಾಪ, ಎದ್ದು ಟೀ ಕುಡಿದು ಅವರೇ ಮಾಡ್ತಾರೆ, ದಿನಾ ಮಾಡ್ತಾರೆ, ನಮ್ಮ ಝಟ್‌ಬಿಲ್ ಹೇಗಿದೆ ಭಾಯಿ, ಮಗೂಗೆ ಜ್ವರ ಬಿಡ್ತಾ ಅನ್ನೋ ದನಿಯಲ್ಲಿ, ಆಮೇಲೆ ಊಟ ಆಯ್ತಾ, ಏನು ಮಾಡಿದ್ರಿ, ನಾನು ಕಢಿ ಮಾಡಿದ್ದೆ ಅಂತ ಸುಳ್ಳು ಹೇಳ್ತೀನಿ, ಬೆಲ್ಲ ಹಾಕಿದ್ರೋ ಇಲ್ವೋ ಅಂತ ಅವರು, ಒಂದು ಚೂರು ಅಂತ ನಾನು, ಇಲ್ಲಿ ಮೇಜಿನ ಮೇಲೆ ಹೋಟೆಲಿನ ಡಬ್ಬಿ ಆರಿ ತಣ್ಣಗಾಗಿರುತ್ತೆ. ಇಡೀ ದಿನದಲ್ಲಿ ನನ್ನನ್ನು ಊಟ ಆಯ್ತಾ ಅಂತ ಕೇಳೋದು ಆ ಒಂದು ಜೀವ. ಒಂದೇ ಸಲ ನೋಡಿದ್ದು, ಖಾತೆ ತೆರೆಯೋ ಕಾಗದಕ್ಕೆ ಸಹಿ ಹಾಕೋಕೆ ಬಂದಾಗ, ಕೈಗಂಬಿ ಹಿಡಿದು ಮೆಟ್ಟಿಲು ಇಳಿಯೋವಾಗ ಹಲ್ಲು ಕಚ್ಚಿದ್ದರು, ಎರಡೂ ಮಂಡಿಗೆ ಆಪರೇಷನ್ ಆಗಬೇಕು ಭಾಯಿ, ಅದಕ್ಕೇ ಈ ಷೇರು, ಇದೊಂದೇ ಇರೋದು. ಇನ್ನೂ ಇಳೀತು. ಮಲಗಿರ್ತಾರೆ ಅನ್ನೋದು ನೆಪ ಕಣೋ ಜಶು, ಮಾರಿಬಿಟ್ಟರೆ ನಾಳೆಯಿಂದ ಅವರು ಏನು ಕೇಳೋಕೆ ಫೋನ್ ಮಾಡ್ತಾರೆ, ಅದು ನಿನ್ನ ಭಯ, ನಿನ್ನ ಹರಟೆಗೆ ಅವರ ಮಂಡಿ ಬಲಿ ಕೊಡ್ತೀಯಾ, ನಾಚಿಕೆ ಆಗಬೇಕು.

ರಿಂಗ್ ಆಗ್ತಿದೆ, ಆಗ್ತಾನೇ ಇದೆ — ಯಾರು ಹೋದ್ರು? ನಿದ್ದೆಗಣ್ಣಿನ ದನಿ, ಗಾಬರಿ, ಈ ಹೊತ್ತಲ್ಲಿ ಫೋನ್ ಬಂದರೆ ಸಾವಿನ ಸುದ್ದಿಯೇ ಅಲ್ಲವಾ. ಯಾರೂ ಹೋಗಿಲ್ಲ ಬೆಹೆನ್, ನಾನು ಜಶು, ಝಟ್‌ಬಿಲ್ ಬೀಳ್ತಿದೆ, ಗಾಳಿಸುದ್ದಿ, ನಿಜವೋ ಸುಳ್ಳೋ ಗೊತ್ತಿಲ್ಲ, ಮಾರಲಾ? ಆಪರೇಷನ್‌ಗೆ ಸಾಲುತ್ತಾ? ಈಗ ಮಾರಿದರೆ ಸಾಲುತ್ತೆ. ಮಾರಿಬಿಡಿ ಮತ್ತೆ, ಕೇಳೋದೇನು. ಗುಂಡಿ ಒತ್ತಿದೆ, ಹೋಯಿತು, ಎಷ್ಟು ಸಲೀಸಾಗಿ ಹೋಯಿತು, ಮಾರಿ ಆಯ್ತು ಬೆಹೆನ್. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ, ಸದ್ಯ, ದಿನಾ ನನ್ನ ಕಾಟ ಒಂದು ತಪ್ಪಿತು ನಿಮಗೆ. ಕಾಟ ಅಲ್ಲ ಬೆಹೆನ್, ಕಾಟ ಅಲ್ಲ — ಅನ್ನಬೇಕಿತ್ತು, ಹೂಂ ಅಂದೆ, ಅವರು ಆಕಳಿಸಿದರು, ಆವಜೋ ಅಂದರು, ಫೋನಿಟ್ಟರು. ಆವಜೋ, ಅಂದರೆ ಬನ್ನಿ, ನಮ್ಮ ಗುಜರಾತಿಯಲ್ಲಿ ಬೀಳ್ಕೊಡೋವಾಗ ಎಲ್ಲರೂ ಅನ್ನೋ ಮಾತು. ರಾಂಗ್ ನಂಬರಿನವನಿಗೂ ಅಂತಾರೆ, ಕೊರಿಯರ್‌ನವನಿಗೂ ಅಂತಾರೆ, ನಾನೂ ಅಂತೀನಿ, ಯಾರೂ ಬರಲ್ಲ, ಬರಲಿ ಅಂತ ಯಾರೂ ಅನ್ನೋದೂ ಇಲ್ಲ, ಬನ್ನಿ, ಅಷ್ಟೇ, ಬನ್ನಿ, ಎಲ್ಲಿಗೆ ಬರಲಿ ಬೆಹೆನ್ —