ಖಲ್ಫಾನನ ಪಾಲಿನ ಹೆಜ್ಜೆಗಳು

ಝುವೈನಾಳ ಎಡಗಾಲಿನ ಹೆಬ್ಬೆರಳು ಅವಳೊಡನೆ ಮಾತು ಬಿಟ್ಟಿತ್ತು. ಕಾಫಿ ಕಾಸುವಾಗ ಕೆಂಡ ಸಿಡಿದು ಅದರ ಮೇಲೆ ಬಿದ್ದರೆ, ಸುಟ್ಟ ವಾಸನೆ ಬಂದ ಮೇಲೆಯೇ ಅವಳಿಗೆ ಗೊತ್ತಾದದ್ದು. ಗಂಡ ಖಲ್ಫಾನನಿಗೂ ಮೊದಲು ಹೀಗೇ ಬೆರಳು ಮರಗಟ್ಟಿತ್ತು. ಆಮೇಲೆ ಪಾದ ಹೋಯಿತು, ಆಮೇಲೆ ಮೊಣಕಾಲು, ಆಮೇಲೆ ಅವನೇ.

ಈಗ ಅವಳು, ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಕಳೆಯುವ ಇದ್ದತ್‌ನಲ್ಲಿ ಕೂತಿದ್ದಳು. ಕೂರುವುದೆಂದರೆ ಅವರ ಓಣಿಯಲ್ಲಿ ನಿಜವಾಗಿ ಕೂರುವುದೇ. ಇಳಿಹೊತ್ತಿನ ಅಸರ್ ನಮಾಜು ಮುಗಿದದ್ದೇ ಹೆಂಗಸರು ಬರುತ್ತಾರೆ, ಖರ್ಜೂರ ಬರುತ್ತದೆ, ತುಪ್ಪ ಜಿನುಗುವ ಹಲ್ವಾ ಬರುತ್ತದೆ. ನಡುವೆ ವಿಧವೆ ಗೋಡೆಗೊರಗಿ ಇರಬೇಕು.

ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯವರಿಗೆ ತಿಳಿಹೇಳುವ ಬದ್ರಿಯಾ ಇದನ್ನೆಲ್ಲ ಬಲ್ಲವಳು. ಸೊಂಟಕ್ಕೆ ಸಿಕ್ಕಿಸುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಹೆಜ್ಜೆಯಂತ್ರ ಕೊಟ್ಟಿದ್ದಳು. ನಡೆದಂತೆ ಅಂಕಿ ಏರುತ್ತದೆ.

"ಹೊರಗೆ ಹೋಗೋದೇ ಬೇಡ ಖಾಲಾ. ಅಂಗಳದಲ್ಲೇ ಸುತ್ತಿ. ನಿಮ್ಮ ಕಾಲು ಉಳಿಯೋದು ಅದರಿಂದ್ಲೇ."

ಝುವೈನಾ ಸುತ್ತತೊಡಗಿದ್ದಳು. ಅಷ್ಟರಲ್ಲಿ ಖಲ್ಫಾನನ ಅಕ್ಕ ನಸ್ರಾ ಬಂದು ಬಿಡಾರ ಹೂಡಿದಳು.

"ಏನೇ ಇದು, ಮದುವೆಮನೇಲಿ ಓಡಾಡೋ ಹಾಗೆ? ಅವನ ಮೇಲಿನ ಮಣ್ಣು ಇನ್ನೂ ಆರಿಲ್ಲ. ಅಕ್ಕಪಕ್ಕದ ಮಾಳಿಗೆಯಿಂದ ಎಲ್ರೂ ನೋಡ್ತಾರೆ."

"ಕಾಲಿಗೆ ಒಳ್ಳೇದಂತೆ ಅಕ್ಕಾ. ಬದ್ರಿಯಾ ಹೇಳಿದ್ಲು."

"ಹೇಳದೆ ಏನು, ಅವಳ ಗಂಡ ಬದುಕಿದ್ದಾನೆ."

ಝುವೈನಾ ಕೂತಳು. ಯಂತ್ರ ದಿಂಬಿನ ಪಕ್ಕ ಬಿತ್ತು. ಮಸೀದಿಯ ಬಳಿ ಮಾರುವ ಜಪದ ಎಣಿಕೆಯಂತ್ರ ಕಂಡಿದ್ದ ನಸ್ರಾಗೆ ಇದೂ ಅದೇ ಜಾತಿಯದೆನ್ನಿಸಿತು. ಒತ್ತುವ ಗುಂಡಿ ಕಾಣಲಿಲ್ಲ, ಆದರೆ ಕುಲುಕಿದರೆ ಅಂಕಿ ಏರಿತು. ತಮ್ಮನ ಹೆಸರಿನಲ್ಲಿ ಲಕ್ಷ ಸಲ ಅಲ್ಲಾಹನ ಕ್ಷಮೆ ಬೇಡುವ ಹರಕೆ ಹೊತ್ತವಳಿಗೆ ಇನ್ನೇನು ಬೇಕು. ಒಂದು ಕ್ಷಮೆಗೆ ಒಂದು ಕುಲುಕು. ಬಂದ ಹೆಂಗಸರೂ ಕೈಯಿಂದ ಕೈಗೆ ದಾಟಿಸಿ ಕುಲುಕಿದರು. ಇದು ಅದಲ್ಲ ಎಂದು ಹೇಳಲು ಝುವೈನಾ ಬಾಯಿ ತೆರೆದಾಗಲೆಲ್ಲ ನಸ್ರಾಳ ಕಣ್ಣಂಚಿನ ನೀರು ಕಾಣುತ್ತಿತ್ತು.

ಇದ್ದತ್‌ನಲ್ಲೂ ವೈದ್ಯರ ಬಳಿ ಹೋಗಲು ಅಡ್ಡಿಯಿಲ್ಲ. ಆರೋಗ್ಯ ಕೇಂದ್ರಕ್ಕೆ ನಸ್ರಾ ಜೊತೆಗೆ ಬಂದಳು, ಯಂತ್ರವನ್ನೂ ತಂದಳು.

"ಏನ್ ಖಾಲಾ, ಮಸ್ಕತ್ತಿಗೇ ನಡ್ಕೊಂಡು ಹೋಗಿ ಬಂದ್ರಾ?" ಬದ್ರಿಯಾ ಅಂಕಿ ನೋಡಿ ನಕ್ಕಳು. ರಕ್ತದ ಸಕ್ಕರೆ ನೋಡಿದಾಗ ನಗು ಇಳಿಯಿತು. "ಇಷ್ಟು ನಡೆದೂ ಏರಿದೆಯಲ್ಲ. ಇರ್ಲಿ, ಹೊಸದಾಗಿ ಶುರು ಮಾಡೋಣ." ಯಂತ್ರವನ್ನು ಸೊನ್ನೆಗೆ ತರಲು ಅದರ ಬೆನ್ನಿನ ಸಣ್ಣ ತೂತಿಗೆ ಪಿನ್ನು ಹಿಡಿದಳು.

ಝುವೈನಾಳ ಕೈ ತಾನಾಗಿ ಅಡ್ಡ ಬಂತು. "ಅಳಿಸಬೇಡ ಮಗಳೇ. ಅದು ನಮ್ಮನೆಯವರ ಪಾಲಿಂದು."

ನಡಿಗೆ ನಿಂತದ್ದು, ಯಂತ್ರ ಕುಲುಕಿದ್ದು ಎಲ್ಲ ಹೊರಬಿತ್ತು. ಬದ್ರಿಯಾ ಪಿನ್ನು ಕೆಳಗಿಟ್ಟಳು.

"ನಸ್ರಾ ಖಾಲಾ, ಮನೆಯೊಳಗೆ ನಡೀಬಾರದು ಅಂತ ನಮ್ಮ ಧರ್ಮದಲ್ಲಿ ಎಲ್ಲಿದೆ?"

"ಧರ್ಮ ಹೇಳಲ್ಲಮ್ಮ, ಓಣಿ ಹೇಳುತ್ತೆ. ನಾಳೆ ಅವಳನ್ನ ಯಾರಾದ್ರೂ ಅಂದ್ರೆ ಬಾಯಿ ಮುಚ್ಚಿಸೋಕೆ ನೀನು ಬರ್ತೀಯಾ? ಇನ್ನೆರಡು ತಿಂಗಳು ತಾನೇ."

"ಬೆರಳಿಗೆ ಅದು ಗೊತ್ತಿಲ್ವಲ್ಲ ಖಾಲಾ."

ನಸ್ರಾ ಯಂತ್ರವನ್ನು ಎದೆಗವಚಿಕೊಂಡು ಎದ್ದಳು. ಬದ್ರಿಯಾ ಸುಟ್ಟ ಬೆರಳಿಗೆ ಪಟ್ಟಿ ಕಟ್ಟಿದಳು.

ಸಂಜೆ ಮತ್ತದೇ ಗೋಡೆ, ಅದೇ ಹಲ್ವಾ. ಹೆಂಗಸರು ಹೋದ ಮೇಲೆ ಝುವೈನಾ ಗೋಡೆ ಹಿಡಿದು ಎದ್ದಳು. ಬಾಗಿಲವರೆಗೆ ಹೋಗಿ ಬರೋಣವೆಂದು. ಮಗ್ರಿಬ್‌ನ ಬಾಂಗು ಕೇಳಿಸಿತು. ನಸ್ರಾ ಯಂತ್ರವನ್ನು ಅವಳ ಅಂಗೈಯಲ್ಲಿಟ್ಟು, ಭುಜ ಹಿಡಿದು ಮೆಲ್ಲಗೆ ಕೂರಿಸಿದಳು.

"ಹಿಡ್ಕೊಂಡಿರು ತಾಯಿ, ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಿ ಬರ್ತೀನಿ. ಅಲುಗಾಡಬೇಡ, ಎಣಿಕೆ ಕೆಡುತ್ತೆ."

ಝುವೈನಾ ಅಂಗೈ ಚಾಚಿ, ಉಸಿರು ಬಿಗಿಹಿಡಿದು ಕೂತಳು. ಪಟ್ಟಿಯೊಳಗಿನ ಬೆರಳನ್ನಾದರೂ ಮಡಿಸಿ ನೋಡೋಣವೆಂದುಕೊಂಡಳು. ಮಡಿಸಿದಳು. ಅದು ಮಡಿಯಿತೋ ಇಲ್ಲವೋ ತಿಳಿಯಲಿಲ್ಲ.