ಮುದ್ದೇಬಿಹಾಳಕ್ಕೆ ಸಿಗದ ಬಾಗೇವಾಡಿ

ಬೀಜ ಮಾರುವ ಸಂಘಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಶಾಖೆಗಳು; ದೊಡ್ಡ ಕಚೇರಿ ಬಸವನ ಬಾಗೇವಾಡಿಯಲ್ಲಿ. ಸಂಜೆ ಪ್ರತಿ ಶಾಖೆಯ ಕಂಪ್ಯೂಟರು ಮೊದಲು ಬಾಗೇವಾಡಿಯ ಕಂಪ್ಯೂಟರನ್ನು ‘ಇದ್ದೀಯಾ?’ ಎಂದು ಕೂಗಬೇಕು, ಉತ್ತರ ಬಂದರೆ ಅಂದಿನ ವ್ಯಾಪಾರದ ವಿವರ ಕಳಿಸಬೇಕು. ಈ ಪ್ರೋಗ್ರಾಂ ಬರೆದ ಮೇಲೆ, ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸಂಗಮೇಶನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

2004ರ ಮುಂಗಾರಿನಲ್ಲಿ ಮುದ್ದೇಬಿಹಾಳದಿಂದ ಏನೂ ಬರದಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಸುನಂದಾ ಸಭೆಯಲ್ಲಿ ಎದ್ದು, “ದಿನಾ ಚಾಲೂ ಮಾಡ್ತೇನ್ರಿ. ಬಾಗೇವಾಡಿ ಸಿಗವಲ್ದು ಅಂತ ತೋರಸತೈತ್ರಿ” ಎಂದಳು.

“ಇಂಡಿಗೆ ಸಿಗ್ತೈತಿ, ಸಿಂದಗಿಗೆ ಸಿಗ್ತೈತಿ, ನಿಮಗಷ್ಟ ಸಿಗೂದಿಲ್ಲೇನು? ಚಾಲೂ ಮಾಡದೇ ಮನಿಗೆ ಹೋಗಿ ಸುಳ್ಳ ಹೇಳಾಕತ್ತೀರಿ!” ಎಂದು ಸಂಗಮೇಶ ಎಲ್ಲರೆದುರು ಹರಿಹಾಯ್ದ. ಅಧ್ಯಕ್ಷ ಬಸಂತರಾಯರು ಅವಳನ್ನು ಕೆಲಸದಿಂದ ಬಿಡಿಸಿದರು.

ಹೊಸಬನಿಗೆ ಕಲಿಸಲೆಂದು ಮುದ್ದೇಬಿಹಾಳಕ್ಕೆ ಹೋದ ಸಂಗಮೇಶ ತಾನೇ ಕುಳಿತು ನೋಡಿದ. ಪ್ರೋಗ್ರಾಂ ‘ಸಿಗುತ್ತಿಲ್ಲ’ ಎಂದಿತು. ಅದನ್ನು ಬದಿಗಿಟ್ಟು, ‘ಇದ್ದೀಯಾ?’ ಎಂದು ಕೂಗುವ ಪಿಂಗ್ ಆಜ್ಞೆಯನ್ನು ತಾನೇ ಕೈಯಾರೆ ಕೊಟ್ಟ. ಬಾಗೇವಾಡಿಯಿಂದ ಸಾಲುಸಾಲಾಗಿ ಉತ್ತರ! ವೈರಸ್ ಕಾಟವೆಂದು ಇದೊಂದು ಕಂಪ್ಯೂಟರಿನ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದವನು ಅವನೇ. ಬಸ್ಸಿಗೆ ತಡವಾಯಿತೆಂದು, ಒಮ್ಮೆಯೂ ಪರೀಕ್ಷಿಸದೆ ಎದ್ದು ಬಂದವನೂ ಅವನೇ. ಬಂದ ಉತ್ತರವನ್ನು ವಿಂಡೋಸ್ ಒಂದು ಮಾತಿನಲ್ಲಿ ತೋರಿಸಿದರೆ ಲಿನಕ್ಸ್ ಬೇರೆ ಮಾತಿನಲ್ಲಿ ತೋರಿಸುತ್ತದೆ. ಪ್ರೋಗ್ರಾಮಿಗೆ ಅವನು ಕಲಿಸಿದ್ದು ವಿಂಡೋಸಿನ ಮಾತೊಂದನ್ನೇ. ಹೀಗಾಗಿ ದಿನವೂ ಬರುತ್ತಿದ್ದ ಉತ್ತರವನ್ನು ಅದು ಉತ್ತರವೆಂದೇ ಎಣಿಸಿರಲಿಲ್ಲ.

ಮುಖ ಎತ್ತಲಾಗದ ನಾಚಿಕೆಯಲ್ಲೇ ಸುನಂದಾಳ ಮನೆಗೆ ನಡೆದ. ಹೊಸ್ತಿಲಾಚೆ ನಿಂತು, “ಮನ್ಯಾಗ ಅದೀರೇನ್ರಿ?” ಎಂದು ಕೂಗಿದ.

“ಬರ್ರಿ, ಬರ್ರಿ!” ಒಳಗಿನಿಂದ ಅವಳ ದನಿ.

ಈ ಸೀಮೆಯಲ್ಲಿ ‘ಇದ್ದೇನೆ’ ಎಂದು ಯಾರು ಉತ್ತರ ಕೊಡುತ್ತಾರೆ? ‘ಬರ್ರಿ’ ಎಂದರೆ ಮನೆಯಲ್ಲಿದ್ದಾರೆಂದು ಹಾದಿಹೋಕನಿಗೂ ತಿಳಿಯುತ್ತದೆ. ಇಷ್ಟನ್ನು ತಾನು ಬರೆದ ಪ್ರೋಗ್ರಾಮಿಗೆ ತಿಳಿಸಲಾಗಲಿಲ್ಲವೆಂದು ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಬಂದವನನ್ನು ಕಂಡು ಅವಳ ಮುಖ ಬಿಗಿಯಿತು. ಆದರೂ ನೀರು, ಬೆಲ್ಲ ತಂದಿಟ್ಟಳು. ಅವನು ಮುಟ್ಟಲಿಲ್ಲ.

“ತಪ್ಪ ನಂದೈತ್ರಿ. ನೀವು ಹೇಳಿದ್ದ ಖರೇ ಇತ್ತು.”

“ಅದು ನನಗ ಆಗಳೇ ಗೊತ್ತಿತ್ತಲ್ರಿ. ಸುಳ್ಳ ಅಂದದ್ದು ಎಲ್ಲಾರ ಮುಂದ. ಖರೇ ಅನ್ನೂದು ನನ್ನೊಬ್ಬಾಕಿ ಮುಂದೇನು?”

ಮರುಬಸ್ಸಿಗೇ ಬಾಗೇವಾಡಿಗೆ ಹೋದ ಸಂಗಮೇಶ ಬಸಂತರಾಯರ ಮುಂದೆ ನಿಂತು, “ಸಭಾ ಕರೀರಿ” ಎಂದ.

“ಯಾತಕ್ಕೋ?”

“ಆವತ್ತ ಸುಳ್ಳ ಹೇಳಿದಾವ್ರು ಯಾರಂತ ಹೇಳಬೇಕಾಗೈತ್ರಿ. ಸುನಂದಾ ಅವ್ರನ್ನೂ ಕರಸ್ರಿ, ಅವರು ಮುಂದಿನ ಸಾಲಿನ್ಯಾಗ ಕೂಡಲಿ.”