ಮಾರ್ಹರೀದಳ ಹೆಸರು ಕಲ್ಲಿಗೆ ಬಂದದ್ದು

ಕೆರ್ಲಾವನೆಕ್ ಮನೆತನದ ಕೊನೆಯ ಧಣಿ ಎವೆನ್ ಅವರು ನನಗೆ ಹೇಳಿಕಳುಹಿಸಿದಾಗ, ತಮ್ಮ ಹೆಸರನ್ನೇ ಕೆತ್ತಿಸಲು ಕರೆಸುತ್ತಿದ್ದಾರೆಂದುಕೊಂಡು ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋದೆ. ಅವರ ಎದೆ ಕೆಟ್ಟಿದೆ, ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು. ಅವರ ಒಬ್ಬನೇ ಮಗ ಗಿಲ್ದಾಸ್ ಜರ್ಮನರೊಂದಿಗಿನ ಯುದ್ಧದ ಮೊದಲ ಬೇಸಿಗೆಯಲ್ಲೇ ಸತ್ತಿದ್ದ. ಹೆಂಡತಿ ಅದೇ ಕೊರಗಿನಲ್ಲಿ ಹೋದರು. ಧರ್ಮಯುದ್ಧಗಳ ಕಾಲದಿಂದ ನಡೆದು ಬಂದ ವಂಶ ಈ ಮುದುಕರೊಂದಿಗೆ ಮುಗಿಯುತ್ತಿತ್ತು.

ದೊಡ್ಡಮನೆಯ ಅಂಗಳದಾಚೆ ಅವರದೇ ಒಂದು ಪುಟ್ಟ ಚರ್ಚು ಇದೆ. ಒಳಗೆ ಬಲಗಡೆ ಗೋಡೆಗೆ ಆಳೆತ್ತರದ ಕಪ್ಪು ಕಲ್ಲು. ಮೇಲೆ ಮನೆತನದ ಲಾಂಛನವಾದ ಮೂರು ಕಡಲಹಕ್ಕಿಗಳು, ಕೆಳಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಹೆಸರುಗಳು. ಹಳೆಯವನ್ನು ಯಾರು ಕೆತ್ತಿದರೋ ತಿಳಿಯದು. ಇತ್ತೀಚಿನವು ನಮ್ಮಪ್ಪ, ನಮ್ಮಜ್ಜನ ಕೈಕೆಲಸ.

ಧಣಿಗಳು ಕೋಲೂರಿಕೊಂಡು ಕಲ್ಲಿನ ಮುಂದೆ ನಿಂತಿದ್ದರು.

"ಕೆಳಗಡೆ ಬೇಕಾದಷ್ಟು ಜಾಗ ಇದೆ, ಧಣಿ" ಎಂದೆ.

"ನನ್ನ ಹೆಸರಿಗೇನು ಅವಸರ ಗುಲ್ವೆನ್? ಅದು ನಾನು ಹೋದಮೇಲೆ ಆಗುತ್ತೆ. ಇಲ್ಲಿ ನೋಡು." ಅವರು ಕೋಲಿನ ತುದಿಯಿಂದ ಕಲ್ಲಿನ ನಡುವೆ ಇದ್ದ 'ಹೆರ್ವೆ' ಎಂಬ ಹೆಸರನ್ನು ಮುಟ್ಟಿದರು. "ಇವನ ಪಕ್ಕ ಖಾಲಿ ಇದೆಯಲ್ಲ, ಅಲ್ಲಿ ಕೆತ್ತು. 'ಮಾರ್ಹರೀದ ಅಬ್‌ಗ್ರಾಲ್, ಈ ವಂಶದ ತಾಯಿ.'"

ಧಣಿಗಳ ಕಲ್ಲಿನ ಮೇಲೆ ಹೊಲಮನೆಯ ಹೆಂಗಸಿನ ಹೆಸರು!

ಮಾರ್ಹರೀದ ಯಾರೆಂದು ನಮ್ಮೂರಲ್ಲಿ ಕೇಳಬೇಕಾಗಿಲ್ಲ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ರಾಜನ ತಲೆ ತೆಗೆದ ವರ್ಷ, ಕ್ರಾಂತಿಯವರು ದೊಡ್ಡಮನೆಯ ಧಣಿಯನ್ನೂ ಅವರ ಹೆಂಡತಿಯನ್ನೂ ಬ್ರೆಸ್ತ್ ಸೆರೆಮನೆಗೆ ಒಯ್ದರು. ಅವರು ಮತ್ತೆ ಬರಲಿಲ್ಲ. ಎದೆಹಾಲು ಕುಡಿಯುವ ಅವರ ಗಂಡುಮಗು ಆಗ ಗ್ವೆರ್ನಿಗ್ ಎಂಬ ಹೊಲಮನೆಯಲ್ಲಿ, ಹಾಲೂಡಿಸುವ ದಾದಿ ಮಾರ್ಹರೀದಳ ಬಳಿ ಇತ್ತು. ಅವಳಿಗೂ ಅದೇ ಪ್ರಾಯದ ಮಗನಿದ್ದ. ಸಿಪಾಯಿಗಳು ಬಾಗಿಲು ಒದ್ದು ಒಳಗೆ ಬಂದಾಗ ಅವಳು ಎರಡೂ ಮಕ್ಕಳನ್ನು ಎರಡು ಎದೆಗೆ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳಂತೆ. 'ಇದರಲ್ಲಿ ಧಣಿಯ ಕೂಸು ಯಾವುದು?' ಎಂದು ಗದರಿದರು. 'ಎರಡೂ ನನ್ನವೇ, ಅವಳಿ' ಎಂದಳು. ಕತ್ತಿ ತೋರಿಸಿ ಕೇಳಿದರೂ ಅದನ್ನೇ ಹೇಳಿದಳು.

ಆಮೇಲೂ ಆ ಭಯ ಬಹಳ ಕಾಲ ಇತ್ತು. ಮಕ್ಕಳ ಬಾಯಿಂದ ಮಾತು ಹೊರಬಿದ್ದೀತೆಂದು ಅವಳು ಯಾರು ಯಾರೆಂಬುದನ್ನು ಅವರಿಗೂ ಹೇಳಲಿಲ್ಲ. ಇಬ್ಬರೂ ಮರದ ಮೆಟ್ಟು ಮೆಟ್ಟಿ, ಒಂದೇ ಬಟ್ಟಲಲ್ಲಿ ಗಂಜಿ ಕುಡಿದು, ಹಂದಿ ಕಾಯ್ದು ಬೆಳೆದರು. ಕಾಲ ತಿಳಿಯಾಗಿ ಚಿಕ್ಕಪ್ಪನೊಬ್ಬ ಇಂಗ್ಲೆಂಡಿನಿಂದ ಮರಳಿ ಬಂದು ಮಗು ಎಲ್ಲಿ ಎಂದು ಕೇಳಿದಾಗ, ಒಬ್ಬನ ತಲೆಯ ಮೇಲೆ ಕೈಯಿಟ್ಟು 'ಇವನು' ಎಂದಳು. ಅವನೇ ಹೆರ್ವೆ. ಧಣಿಗಳ ಮುತ್ತಜ್ಜ.

ಊರೆಂದಮೇಲೆ ನಾಲಿಗೆ ಸುಮ್ಮನಿರುತ್ತದೆಯೇ? 'ಮಾರ್ಹರೀದ ಕೈಯಿಟ್ಟದ್ದು ಯಾರ ತಲೆ ಮೇಲೆ?' ಎಂಬ ನಗೆಮಾತು ಅಂದಿನಿಂದಲೂ ನಡೆದು ಬಂತು. ಹೆಂಡದಂಗಡಿಯ ಫಾಂಶ್ ಅಂತೂ ಅದರಲ್ಲೇ ಬದುಕಿದವನು. "ಧಣಿ ಹೂಕೋಸನ್ನ ಒತ್ತಿ ನೋಡೋದು ಕಂಡಿದ್ದೀರಾ? ಅದು ರೈತನ ಕೈ ಕಣ್ರೋ!" ಎಂದು ಕೂಗುತ್ತಿದ್ದ. ದೊಡ್ಡಮನೆಯವರೂ ಈ ಮಾತಿಗೆ ನಕ್ಕುಬಿಡುತ್ತಿದ್ದರು.

"ಮೊದಲು ಗ್ವೆರ್ನಿಗ್‌ಗೆ ಹೋಗಿ ಜಾನಿಗಮ್ಮನ್ನ ಕೇಳ್ಕೊಂಡು ಬಾ. ಹೆಸರು ಅವರ ಮನೇದು" ಎಂದರು ಧಣಿಗಳು.

ಜಾನಿಗ್ ಅಬ್‌ಗ್ರಾಲ್ ಆ ಹೊಲಮನೆಯ ಯಜಮಾನಿ, ಮಾರ್ಹರೀದಳ ಬಳಿಯೇ ಉಳಿದ ಹುಡುಗ ಪಾವೊಲನ ವಂಶದವಳು. ನಾನು ಹೋದಾಗ ಕಪ್ಪು ಗೋಧಿಯ ದೋಸೆ ಹುಯ್ಯುತ್ತಿದ್ದಳು. ವಿಷಯ ಹೇಳಿ ಮುಗಿಸುವಷ್ಟರಲ್ಲಿ ದೋಸೆ ಸೀದಿತ್ತು.

"ಬೇಡ" ಎಂದಳು.

"ಜಾನಿಗಕ್ಕ, ಎಷ್ಟು ದೊಡ್ಡ ಗೌರವ ಅದು!"

"ಗೌರವ ನಿನಗಿರಲಿ. 'ವಂಶದ ತಾಯಿ' ಅಂತ ಕಲ್ಲಲ್ಲಿ ಬಂದ್ರೆ ಫಾಂಶ್ ಏನಂತಾನೆ? ನೋಡ್ರಪ್ಪಾ, ಧಣಿನೇ ಒಪ್ಕೊಂಡ್ರು ಅಂತಾನೆ. ನೀವೆಲ್ಲ ಅದನ್ನ ತಮಾಷೆ ಅಂತೀರಿ. ಆ ತಮಾಷೆ ಒಳಗೆ ಏನಿದೆ ಅಂತ ಒಂದಿನಾನಾದ್ರೂ ಯೋಚ್ನೆ ಮಾಡಿದ್ದೀಯೇನೋ?"

ಅವಳು ಸೀದ ದೋಸೆಯನ್ನು ಕಿತ್ತು ಬದಿಗೆ ಎಸೆದಳು.

"ನಮ್ಮಜ್ಜಿ ಕಳ್ಳಿ ಅಂತ ಇದೆ. ದೊಡ್ಡಮನೆ ಆಸ್ತಿ ಆಸೆಗೆ ತನ್ನ ಮಗನ್ನ ಅಲ್ಲಿಗೆ ದಾಟಿಸಿ, ತಬ್ಬಲಿ ಕೂಸಿನ ಪಾಲು ಕಿತ್ಕೊಂಡ್ಳು ಅಂತ ಇದೆ. ನಮ್ಮವ್ವ ಆ ನಗು ಕೇಳಿ ಕೇಳಿ, ಸಂತೇಲಿ ತಲೆ ತಗ್ಗಿಸ್ಕೊಂಡೇ ನಡೀತಿದ್ಳು. ಕತ್ತಿ ಮುಂದೆ ಕೂತು ಎರಡು ಜೀವ ಉಳಿಸಿದೋಳಿಗೆ ಈ ಊರು ಕೊಟ್ಟ ಬಹುಮಾನ ಅದು. ಹೋಗು, ಧಣಿಗೆ ಹೇಳು, ನಮ್ಮಜ್ಜಿ ಹೆಸರು ನಮ್ಮನೇಲೇ ಇರಲಿ."

ದೊಡ್ಡಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಧಣಿಗಳು ಬೆಂಚಿನ ಮೇಲೆ ಕೂತವರು ಏಳಲಿಲ್ಲ.

"ನಮ್ಮಪ್ಪ ನಗ್ತಿದ್ರು. ನಾನೂ ನಕ್ಕಿದ್ದೀನಿ" ಎಂದರು. ಆಮೇಲೆ, "ನಾಳೆ ಬೆಳಿಗ್ಗೆ ನನ್ನ ಜೊತೆ ಬಾ. ತೋಳು ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು."

ಗಾಡಿ ಬೇಡವೆಂದರು. ಹೂಕೋಸಿನ ಹೊಲಗಳ ನಡುವಿನ ದಾರಿಯಲ್ಲಿ ಸಮುದ್ರದ ಗಾಳಿಗೆ ಕೆಮ್ಮುತ್ತ, ನಿಂತು ನಿಂತು ನಡೆದರು. ಜಾನಿಗ್ ಅವರನ್ನು ಬಾಗಿಲಲ್ಲಿ ಕಂಡವಳೇ ಏಪ್ರನ್ನಿಗೆ ಕೈ ಒರೆಸಿಕೊಂಡು ಓಡಿ ಬಂದಳು.

"ಈ ಸ್ಥಿತೀಲಿ ನಡ್ಕೊಂಡು ಬಂದ್ರಾ ಧಣಿ? ಲೋ ಗುಲ್ವೆನ್, ನಿನ್ನ ತಲೇಲೂ ಕಲ್ಲೇ ತುಂಬಿದ್ಯೇನೋ?"

ಒಲೆಯ ಪಕ್ಕ ಕೂರಿಸಿ ಬಿಸಿ ಹಾಲು ಕೊಟ್ಟಳು. ಅವರು ಉಸಿರು ಬರುವವರೆಗೆ ಕಾದು ಮಾತೆತ್ತಿದರು.

"ಜಾನಿಗಮ್ಮ, ಗಿಲ್ದಾಸ್ ಸತ್ತ ಸುದ್ದಿ ಬಂದ ದಿನ ನಿನಗೆ ನೆನಪಿದ್ಯಾ? ಊರೋರೆಲ್ಲ ಬಂದ್ರು, ಸಮಾಧಾನ ಹೇಳಿದ್ರು, ಹೋದ್ರು. ನಿಮ್ಮವ್ವ ಬಂದೋರು ಒಂದು ಮಾತೂ ಆಡ್ಲಿಲ್ಲ. ನೇರ ನಮ್ಮ ಅಡಿಗೆಮನೆಗೆ ಹೋಗಿ ಹಿಟ್ಟು ನಾದೋಕೆ ಶುರು ಮಾಡಿದ್ರು. ಸಂಜೆವರೆಗೂ ರೊಟ್ಟಿ ಸುಟ್ರು. ಆ ವಾಸನೆಗೆ ನನ್ನ ಹೆಂಡತಿ ಕೆಳಗಿಳಿದು ಬಂದು ಒಂದು ತುಂಡು ತಿಂದ್ಳು. ಅಲ್ಲೀವರೆಗೂ ನೀರೂ ಮುಟ್ಟಿರ್ಲಿಲ್ಲ. ಆ ತಾಯಿ ಸಂತೇಲಿ ತಲೆ ತಗ್ಗಿಸಿ ನಡೆದಿದ್ದು ನಮ್ಮ ನಗೆಯಿಂದ ಅಂತ ನನಗೆ ನಿನ್ನೆವರೆಗೂ ಗೊತ್ತಿರ್ಲಿಲ್ಲ."

ಜಾನಿಗ್ ಒಲೆಯ ಕಡೆ ತಿರುಗಿಕೊಂಡಳು.

"ಅಜ್ಜಿ ಕೈಯಿಟ್ಟಿದ್ದು ಯಾರ ತಲೆ ಮೇಲೆ ಅಂತ ನನಗೆ ಬೇಡ. ನನ್ನ ಮಟ್ಟಿಗೆ ಆಕೆ ಸುಳ್ಳು ಹೇಳಿದ್ದು ಒಂದೇ ಸಲ, ಸಿಪಾಯಿಗಳಿಗೆ. ಆ ಸುಳ್ಳಿನಿಂದ ನಾನು ಹುಟ್ಟಿದೆ. ಈ ಸಮುದ್ರ ನೋಡಿದೆ. ಮಗನ್ನ ಎತ್ತಿ ಆಡಿಸಿದೆ. ಇಷ್ಟು ವರ್ಷ ಬದುಕಿ, ಥ್ಯಾಂಕ್ಸ್ ಅಂತ ಒಂದು ಮಾತು ಹೇಳದೆ ಹೋದ್ರೆ ನಾನೆಂಥ ಮನುಷ್ಯ? ಏನು ಬರೆಸ್ಬೇಕೋ ನೀನೇ ಹೇಳು. ಬೇಡ ಅಂದ್ರೆ ಬೇಡ."

ಜಾನಿಗ್ ಒಲೆಯ ಕೆಂಡ ಕೆದಕಿದಳು.

"ತಾಯಿ ಗೀಯಿ ಬೇಡ" ಎಂದಳು. "ನಡೆದಿದ್ದನ್ನ ಬರೀಲಿ. ಎರಡು ಕೂಸಿಗೆ ಹಾಲು ಕೊಟ್ಳು, ಎರಡನ್ನೂ ಉಳಿಸಿದ್ಳು ಅಂತ. ಅಷ್ಟು ಸಾಕು. ಇನ್ನೊಂದು, ಧಣಿ. ಕಲ್ಲು ಓದೋರು ಎಷ್ಟು ಜನ? ಬಾಯಲ್ಲಿ ಹೇಳಿ. ಎಲ್ಲರ ಮುಂದೆ."

"ಹೇಳ್ತೀನಿ."

ಸೆಪ್ಟೆಂಬರಿನ ಕೊನೆಗೆ ಬರುವ ಸಂತ ಮಿಖಾಯೇಲರ ಹಬ್ಬದ ಹೊತ್ತಿಗೆ, ಅವಳು ಹೇಳಿದಂತೆಯೇ ಕೆತ್ತನೆ ಮುಗಿಸಿದೆ. ಆ ದಿನ ಪುಟ್ಟ ಚರ್ಚಿನಲ್ಲಿ ಜನ ಹಿಡಿಸದೆ ಅರ್ಧ ಊರು ಅಂಗಳದಲ್ಲೇ ನಿಂತಿತ್ತು. ಪೂಜೆ ಮುಗಿದ ಮೇಲೆ ಧಣಿಗಳು ತಮ್ಮ ಆಸನದಿಂದ ಎದ್ದರು. ದೊಡ್ಡವರು ಫ್ರೆಂಚಿನಲ್ಲಿ ಮಾತಾಡುವುದು ವಾಡಿಕೆ. ಅವರು ನಮ್ಮ ಬ್ರೆತೊನ್ ನುಡಿಯಲ್ಲೇ ಆಡಿದರು. ಆ ಮನೆಯಲ್ಲಿ ಆ ನುಡಿ ಉಳಿದದ್ದು ಹೆರ್ವೆಯಿಂದ. ಅವನು ದೊಡ್ಡಮನೆ ಸೇರಿ ಹೊಸ ಬೂಟು ಹಾಕಿದಮೇಲೂ ಗ್ವೆರ್ನಿಗ್‌ಗೆ ಓಡಿ ಓಡಿ ಬರುತ್ತಿದ್ದನಂತೆ, ಮುದುಕನಾಗುವವರೆಗೂ.

"ಈ ಕಲ್ಲಿನ ಮೇಲೆ ಯುದ್ಧ ಗೆದ್ದೋರ ಹೆಸರಿದೆ, ರಾಜನ ಪಕ್ಕ ಕೂತೋರ ಹೆಸರಿದೆ" ಎಂದರು. "ಇವತ್ತಿಂದ ಮಾರ್ಹರೀದ ಅಬ್‌ಗ್ರಾಲ್ ಹೆಸರೂ ಇದೆ. ಆಕೆ ನಮ್ಮ ಮಗುವನ್ನ ಕಾಪಾಡಿ, ನಮಗೇ ಒಪ್ಪಿಸಿದಳು. ಏನೂ ಕೇಳ್ಲಿಲ್ಲ. ಆಕೆಯ ವಿಷಯಕ್ಕೆ ನನ್ನ ಮನೆಯವರು ನಕ್ಕಿದ್ದಾರೆ, ನಾನೂ ನಕ್ಕಿದ್ದೀನಿ. ಗ್ವೆರ್ನಿಗ್ ಮನೆಯೋರೇ, ನಮ್ಮನ್ನ ಕ್ಷಮಿಸಿ. ನಾನು ನಿಮ್ಮ ಋಣದಲ್ಲೇ ಹೋಗ್ತೀನಿ. ಅದು ನನಗೆ ಸಂತೋಷ."

ಅವರು ಕಷ್ಟಪಟ್ಟು ಬೆನ್ನು ಬಗ್ಗಿಸಿ ಜಾನಿಗ್‌ಗೆ ತಲೆಬಾಗಿದರು. ಅವಳು ಮುಖ ಮುಚ್ಚಿಕೊಂಡಳು. ಬಾಗಿಲ ಬಳಿ ಫಾಂಶ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಹೊರಗೆ ಬಂದಮೇಲೆ ಅವಳ ಎದುರು ನಿಂತು, "ಜಾನಿಗ್, ನಾನು... ಆ ಮಾತು..." ಎಂದು ತೊದಲಿದ.

"ಗೊತ್ತಾಯ್ತು ಬಿಡೋ. ಇನ್ಮೇಲೆ ಬೇರೆ ತಮಾಷೆ ಹುಡುಕ್ಕೋ, ಇಲ್ಲಾಂದ್ರೆ ಅಂಗಡಿ ಮುಚ್ಚೋ ಹಾಗಾದೀತು" ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ಅವಳೂ ನಕ್ಕಳು.

ಧಣಿಗಳು ಕ್ರಿಸ್ಮಸ್ಸಿಗೆ ಮುಂಚೆ ತೀರಿಕೊಂಡರು. ಕೊನೆಯ ವಾರಗಳಲ್ಲಿ ಗ್ವೆರ್ನಿಗ್ ಮನೆಯವರು ಸರದಿಯಲ್ಲಿ ಅವರ ಹಾಸಿಗೆ ಪಕ್ಕ ಇದ್ದರು. ನಾನು ನೋಡಲು ಹೋದಾಗಲೆಲ್ಲ ಅವರು ಯಾರಿಗಾದರೂ ಥ್ಯಾಂಕ್ಸ್ ಹೇಳುತ್ತಿದ್ದರು. ದಿಂಬು ಸರಿಮಾಡಿದವರಿಗೆ, ಕಿಟಕಿ ತೆರೆದವರಿಗೆ, ಒಮ್ಮೆ ಕಿಟಕಿಯ ಮೇಲೆ ಕೂತ ಕಡಲಹಕ್ಕಿಗೂ.

ಮಣ್ಣಿಗೆ ಇಡುವ ದಿನ ಪ್ಯಾರಿಸ್ಸಿನಿಂದ ಅವರ ಹೆಂಡತಿಯ ಕಡೆಯ ಸೋದರಳಿಯ ಬಂದ. ದೊಡ್ಡಮನೆ ಅವನ ಪಾಲಿಗೆ ಬಂದಿತ್ತು. ನಮ್ಮ ನುಡಿ ಬಾರದ, ತೆಳ್ಳನೆ ಕೋಟಿನ ಯುವಕ. ಶವಪೆಟ್ಟಿಗೆಯ ಹಿಂದೆ ರಕ್ತಸಂಬಂಧಿಕರು ನಡೆಯಬೇಕಾದ ಜಾಗದಲ್ಲಿ ಒಬ್ಬನೇ ನಿಂತು ಅತ್ತಿತ್ತ ನೋಡುತ್ತಿದ್ದ. ಯಾರೂ ಮುಂದೆ ಹೋಗಲಿಲ್ಲ. ಅವನು ಹಿಂತಿರುಗಿ, ಅಳುತ್ತಿದ್ದ ಜಾನಿಗ್‌ಳನ್ನು ಕಂಡು, ಬಂದು ತೋಳು ಚಾಚಿದ. ಅವಳು ಹಿಡಿದುಕೊಂಡಳು. ಅವಳ ಮಕ್ಕಳು ಮೊಮ್ಮಕ್ಕಳು ಹಿಂದೆ ಸೇರಿಕೊಂಡರು. ಕೆರ್ಲಾವನೆಕ್ ವಂಶದ ಕೊನೆಯವರ ಹಿಂದೆ ಆ ಸಾಲು ಗೇಟಿನವರೆಗೂ ಇತ್ತು.

ಎಲ್ಲ ಮುಗಿದಮೇಲೆ ಆ ಯುವಕ ದೊಡ್ಡಮನೆಯ ಕಡೆ ಹೊರಟ. ಅಲ್ಲಿ ಅಂದು ಒಲೆ ಹಚ್ಚಿರಲಿಲ್ಲ.

"ಗುಲ್ವೆನ್, ನಿನಗೆ ಫ್ರೆಂಚ್ ಬರುತ್ತಲ್ಲ, ಆ ಹುಡುಗನಿಗೆ ಹೇಳು" ಎಂದಳು ಜಾನಿಗ್. "ಅಲ್ಲಿ ಒಬ್ನೇ ಕೂತು ಏನ್ಮಾಡ್ತಾನೆ? ನಮ್ಮನೇಲಿ ಸಾರು ಕುದೀತಿದೆ. ಬಾ ಅನ್ನು. ನೀನೂ ಬಾ."

ನಾನು ಹೇಳಿದೆ. ಅವನು ಕೋಟಿನ ಕಾಲರು ಎತ್ತಿಕೊಂಡು, ಹೂಕೋಸಿನ ಹೊಲದ ಕೆಸರಿನಲ್ಲಿ ತನ್ನ ಪೇಟೆ ಬೂಟು ಊರುತ್ತ, ಅವಳ ಹಿಂದೆ ನಡೆದ.